ಕಪ್ಪು ಪಟ್ಟಿ ಇರಲಿ ಬಿಡಿ, ಮುಖ ಎಳೆಯಬೇಡಿ

ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಇಷ್ಟು ವರ್ಷದಲ್ಲಿ ನಾನು ಜಗಳ ಆಡಿದ್ದು ಕಮ್ಮಿ. ನೀರು ಬರದಿದ್ದಾಗ ಸೊಸೈಟಿ ಸೆಕ್ರೆಟರಿ ಜೊತೆ ಆಡಿಲ್ಲ, ಮೀಟರ್ ಹಾಕದ ರಿಕ್ಷಾದವರ ಜೊತೆಗೂ ಆಡಿಲ್ಲ. ಆದರೆ ಒಂದು ವಿಷಯಕ್ಕೆ ಮಾತ್ರ ಯಾರ ಮನೆಗೆ ಹೋದರೂ ತಕರಾರು ತೆಗೆಯುತ್ತೇನೆ. ರಿಮೋಟ್ ಕೈಗೆ ಸಿಕ್ಕರೆ ಕೇಳದೇ ಬಟನ್ ಒತ್ತುತ್ತೇನೆ, ಮೌಸ್ ಸಿಕ್ಕರೆ ಸೆಟ್ಟಿಂಗ್ಸ್ ಒಳಗೆ ನುಗ್ಗುತ್ತೇನೆ. "ಬಂದ ಮನ್ಯಾಗರೆ ಸುಮ್ಮನ ಕೂಡ್ರಿ" ಅಂತ ಹೆಂಡತಿ ಕಣ್ಣು ಬಿಡುತ್ತಾಳೆ. ಆಗುವುದಿಲ್ಲ, ಏನು ಮಾಡಲಿ?

ವಿಷಯ ಇಷ್ಟೇ. ಹೆಚ್ಚುಕಡಿಮೆ ಚೌಕದಂತಿರುವ ಹಳೆಯ ಚಿತ್ರವನ್ನು ಅಗಲವಾದ ಪರದೆಯ ತುಂಬಾ ಎಳೆದು ಹರಡುವುದು. ಎಲ್ಲರ ಮುಖ ಕುಂಬಳಕಾಯಿ, ಗಾಡಿಯ ಗಾಲಿ ಮೊಟ್ಟೆ, ಗೋಲ ಗುಮ್ಮಟ ಇಡ್ಲಿ. ಅದನ್ನು ನೋಡಿಕೊಂಡು ಜನ ಆರಾಮಾಗಿ ಚಹಾ ಕುಡಿಯುತ್ತಾರೆ! ನಾನು ಹೇಳಿದರೆ "ನೀವೊಬ್ರೇ ನೋಡ್ರಿ ಇದನ್ನೆಲ್ಲಾ ಹೇಳೋರು" ಅನ್ನುತ್ತಾರೆ. ಇದು ರುಚಿಯ ಪ್ರಶ್ನೆ ಅಂತ ಅವರ ವಾದ. ರುಚಿಯ ಪ್ರಶ್ನೆ ಅಲ್ಲ, ಇದು ಸುಳ್ಳು ಅಂತ ನನ್ನ ವಾದ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸೈರಿಸಿಕೊಳ್ಳಿ.

ಮೊದಲು ನಮ್ಮ ಮನೆಯದೇ ಕಥೆ.

1994ರಲ್ಲಿ ಗದಗದ ಹತ್ತಿರದ ನಮ್ಮೂರಿನಲ್ಲಿ ತಂಗಿಯ ಮದುವೆ ಆಯಿತು. ಆಗಿನ ರೂಢಿಯಂತೆ ವಿಡಿಯೋ ಮಾಡಿಸಿದ್ದೆವು, ವಿಎಚ್‌ಎಸ್ ಕ್ಯಾಸೆಟ್ಟು. ಅಪ್ಪ ಕಡ್ಡಿಯಂಥ ಮನುಷ್ಯ. ದಮ್ಮಿನ ರೋಗ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆ ಮದುವೆಯಲ್ಲಿ ಓಡಾಡುತ್ತಾ, ಪಂಕ್ತಿಯಲ್ಲಿ ಬಡಿಸುತ್ತಾ, ಧಾರೆ ಎರೆಯುವಾಗ ಕಣ್ಣು ಒರೆಸಿಕೊಳ್ಳುತ್ತಾ ಇರುವ ಅಪ್ಪ ಆ ಕ್ಯಾಸೆಟ್ಟಿನಲ್ಲಿದ್ದಾರೆ. 2006ರಲ್ಲಿ ಅವರು ಹೋದರು. ಅಪ್ಪ ನಡೆಯುವುದನ್ನು, ತಿರುಗಿ ನೋಡುವುದನ್ನು ನೋಡಬೇಕಾದರೆ ನಮಗೆ ಅದೊಂದೇ ಕ್ಯಾಸೆಟ್ಟು ದಿಕ್ಕು. ಉಳಿದದ್ದೆಲ್ಲಾ ನಿಂತ ಫೋಟೋಗಳು.

2010ರಲ್ಲಿ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುವ ಮೊದಲು ಡಿವಿಡಿ ಮಾಡಿಸೋಣ ಅಂತ ಇಲ್ಲಿಯ ಒಂದು ಅಂಗಡಿಗೆ ಕೊಟ್ಟೆ. ಅವ್ವ ಆಗ ಊರಿಂದ ಬಂದಿದ್ದಳು. ಡಿವಿಡಿ ತಂದ ದಿನ ರಾತ್ರಿ ಊಟ ಮುಗಿಸಿ ಎಲ್ಲರೂ ಕಂಪ್ಯೂಟರ್ ಮುಂದೆ ಕೂತೆವು. ಹೊಸ ಮಾನಿಟರ್, ಹದಿನೆಂಟೂವರೆ ಇಂಚು, ಅಗಲದ್ದು. ಮದುವೆ ಶುರುವಾಯಿತು. ತಂಗಿ ಬಂದಳು, ದಪ್ಪ. ಬೀಗರು ಬಂದರು, ಇನ್ನೂ ದಪ್ಪ. ಮಕ್ಕಳು ನಗಲಿಕ್ಕೆ ಹತ್ತಿದರು. ಅಪ್ಪ ಬಂದರು. ಭುಜ ಅಗಲ, ಕೆನ್ನೆ ತುಂಬಿಕೊಂಡು, ಗಿಡ್ಡ.

ಅವ್ವ ಸ್ವಲ್ಪ ಹೊತ್ತು ನೋಡಿ ಕೇಳಿದಳು, "ಯಾರಪಾ ಇವರು?"

"ಅಪ್ಪ, ಅವ್ವಾ."

ಇನ್ನೊಂದು ಸ್ವಲ್ಪ ಹೊತ್ತು ನೋಡಿದಳು. "ಅವರು ಇಷ್ಟ ಮೈಕೈ ತುಂಬಿಕೊಂಡು ಇದ್ದಿದ್ರ, ನಾ ಯಾಕ ಅಷ್ಟ ಚಿಂತಿ ಮಾಡ್ತಿದ್ದೆ?" ಅಂದು ಎದ್ದು ಒಳಗೆ ಹೋದಳು.

ಮಕ್ಕಳ ನಗು ನಿಂತಿತು. ನಾನು ಆವತ್ತಿನಿಂದ ಈ ವಿಷಯದಲ್ಲಿ ಜಗಳಗಂಟ.

ಮರುದಿನ ಅಂಗಡಿಗೆ ಹೋದೆ. ಅವನು ಶಾಂತವಾಗಿ, "ಫುಲ್ ಸ್ಕ್ರೀನ್ ಪಾಹಿಜೇ ನಾ ಸಾಹೇಬ? ಕಾಳೀ ಪಟ್ಟೀ ಆಲೀ ಕೀ ಲೋಕ್ ಭಾಂಡತಾತ್" ಅಂದ. ಕಪ್ಪು ಪಟ್ಟಿ ಬಂದರೆ ಗಿರಾಕಿಗಳು ಜಗಳ ಮಾಡುತ್ತಾರಂತೆ. ಕಪ್ಪು ಪಟ್ಟಿ ಬರಲಿಲ್ಲ ಅಂತ ಜಗಳಕ್ಕೆ ಬಂದವನು ನಾನೇ ಮೊದಲಿಗನಂತೆ! ಅವನದು ತಪ್ಪು ಅಂತ ಹೇಗೆ ಹೇಳಲಿ? ಅವನಿಗೆ ಇದನ್ನು ಕಲಿಸಿದವರು ನಾವೇ.

ಈಗ ಸ್ವಲ್ಪ ಲೆಕ್ಕ. ಗಾಬರಿಯಾಗಬೇಡಿ, ಐದನೇ ಇಯತ್ತೆಯ ಲೆಕ್ಕ.

ಯಾವುದೇ ಚಿತ್ರಕ್ಕೆ ಅಗಲ ಎಷ್ಟು, ಎತ್ತರ ಎಷ್ಟು ಅನ್ನುವ ಒಂದು ಪ್ರಮಾಣ ಇರುತ್ತದೆ. ಹಳೆಯ ಟಿವಿ, ಹಳೆಯ ಮಾನಿಟರ್ ಎರಡೂ 4:3. ಅಂದರೆ ಅಗಲ ನಾಲ್ಕು ಗೇಣಾದರೆ ಎತ್ತರ ಮೂರು ಗೇಣು. ಈ ಪ್ರಮಾಣ ಸಿನೆಮಾದಷ್ಟೇ ಹಳೆಯದು, 1890ರ ದಶಕದಲ್ಲಿ ಎಡಿಸನ್ನರ ಪ್ರಯೋಗಾಲಯದಲ್ಲಿ ಡಿಕ್ಸನ್ ಅನ್ನುವವರು 35 ಮಿಲಿಮೀಟರ್ ಫಿಲ್ಮಿಗೆ ಕೊಟ್ಟ ಅಳತೆ. ಮಾತಿನ ಚಿತ್ರ ಬಂದಮೇಲೆ ಅದು ಚೂರು ಬದಲಾಗಿ 1.37 ಆಯಿತು. ನಮ್ಮ 1954ರ 'ಬೇಡರ ಕಣ್ಣಪ್ಪ'ನಂಥ ಕಪ್ಪು ಬಿಳುಪು ಚಿತ್ರಗಳೆಲ್ಲಾ ಈ ಆಕಾರದವೇ. ಇಂದಿನ ಟಿವಿ, ಬಹಳಷ್ಟು ಮಾನಿಟರ್‌ಗಳು 16:9. 4:3ರ ಚಿತ್ರವನ್ನು 16:9ರ ತುಂಬಾ ಹಿಗ್ಗಿಸಿದರೆ ಎತ್ತರ ಹಾಗೇ ಉಳಿದು ಅಗಲ ಮಾತ್ರ ಮೂರನೇ ಒಂದು ಭಾಗ ಹೆಚ್ಚುತ್ತದೆ, ನೂರಕ್ಕೆ ಮೂವತ್ತಮೂರು! ಹದಿನೈದು ಇಂಚಿನ ಭುಜ ಇಪ್ಪತ್ತು ಇಂಚು. ಐವತ್ತು ಕಿಲೋದ ಮಾಸ್ತರು ಒಂದೇ ರಾತ್ರಿಯಲ್ಲಿ ಪೈಲ್ವಾನ.

ಇದನ್ನು "ಸಣ್ಣ ವ್ಯತ್ಯಾಸ" ಅನ್ನುವವರಿಗೆ ನನ್ನದೊಂದು ಪ್ರಶ್ನೆ. ದರ್ಜಿ ನಿಮ್ಮ ಅಂಗಿಯನ್ನು ಇಷ್ಟು ಹೆಚ್ಚುಕಮ್ಮಿ ಹೊಲಿದರೆ ದುಡ್ಡು ಕೊಟ್ಟು ಬರುತ್ತೀರಾ?

ಸಿನೆಮಾಸ್ಕೋಪ್ ನೆನಪಿದೆಯಲ್ಲ? 1953ರಲ್ಲಿ ಹಾಲಿವುಡ್‌ನಲ್ಲಿ 'ದಿ ರೋಬ್' ಚಿತ್ರದಿಂದ ಶುರುವಾಯಿತು, 1959ರಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' ಅದನ್ನು ಹಿಂದಿಗೆ ತಂದಿತು. ಅದರ ಗುಟ್ಟು ಏನೆಂದರೆ, ಕ್ಯಾಮೆರಾದ ಲೆನ್ಸು ಅಗಲದ ದೃಶ್ಯವನ್ನು ಅರ್ಧಕ್ಕೆ ಹಿಸುಕಿ ಅದೇ ಹಳೆಯ ಫಿಲ್ಮಿನಲ್ಲಿ ಕೂರಿಸುತ್ತದೆ. ಪ್ರೊಜೆಕ್ಟರಿಗೆ ಹಾಕುವ ಇನ್ನೊಂದು ಲೆನ್ಸು ಅದನ್ನು ಅಷ್ಟೇ ಬಿಡಿಸಿ ತೆರೆಯ ಮೇಲೆ ಹರಡುತ್ತದೆ. ಹಿಸುಕಿದಷ್ಟೇ ಬಿಡಿಸಬೇಕು, ಅದು ಕರಾರು.

ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಒಮ್ಮೊಮ್ಮೆ ಆ ಲೆನ್ಸು ಹಾಕುವುದನ್ನು ಮರೆಯುತ್ತಿದ್ದ. ನಾಯಕ ನಾಯಕಿ ಇಬ್ಬರೂ ನುಗ್ಗೇಕಾಯಿ ಥರ ಉದ್ದಕ್ಕೆ ಬರುತ್ತಿದ್ದರು. ಆಗ ನೆಲದಲ್ಲಿ ಕೂತ ಜನ ಏನು ಮಾಡುತ್ತಿದ್ದರು ಗೊತ್ತೇ? ಸೀಟಿ, ಕೂಗಾಟ, "ಏ ಲೆನ್ಸ್ ಹಾಕೋ ಮಗನ!" ಎರಡು ನಿಮಿಷದಲ್ಲಿ ಸರಿಯಾಗುತ್ತಿತ್ತು. ಹೊಲದಿಂದ ಬಂದು ಉಸುಕಿನ ಮೇಲೆ ಕೂತ ಆ ಜನಕ್ಕೆ ಪ್ರಮಾಣ, ಅನುಪಾತ ಯಾವುದೂ ಗೊತ್ತಿರಲಿಲ್ಲ. ಮನುಷ್ಯ ಹೇಗೆ ಕಾಣುತ್ತಾನೆ ಅನ್ನುವುದು ಗೊತ್ತಿತ್ತು. ನಾವು ಇಂಜಿನಿಯರುಗಳು, ಬ್ಯಾಂಕಿನವರು, ಸಾಫ್ಟ್‌ವೇರಿನವರು, ಸಾವಿರಾರು ರೂಪಾಯಿಯ ಪರದೆ ಮುಂದೆ ಕೂತು ಸೀಟಿ ಹೊಡೆಯುವುದನ್ನೇ ಮರೆತಿದ್ದೇವೆ.

ಇದು ಶುರುವಾದದ್ದು ಹೇಗೆ? ಹಳೆಯ ದಪ್ಪ ಮಾನಿಟರಿನಲ್ಲಿ ಚುಕ್ಕಿಗಳ ಲೆಕ್ಕ ಗಟ್ಟಿಯಾಗಿರಲಿಲ್ಲ. ಕಿರಣಕ್ಕೆ ಎಷ್ಟು ಗೆರೆ ಎಳೆ ಅಂದರೂ ಎಳೆಯುತ್ತಿತ್ತು. 640 × 480, 800 × 600, 1024 × 768, ಮೂರೂ 4:3. ಯಾವುದು ಇಟ್ಟರೂ ಆಕಾರ ಕೆಡುತ್ತಿರಲಿಲ್ಲ. ಆಮೇಲೆ ಚಪ್ಪಟೆ ಎಲ್‌ಸಿಡಿ ಬಂದವು. ಅವುಗಳಲ್ಲಿ ಚುಕ್ಕಿಗಳು ಎಣಿಸಿ ಕೂರಿಸಿದಂತೆ ಸ್ಥಿರ. ಮೊದಲು ಬಂದ 17, 19 ಇಂಚಿನವು ಬಹಳಷ್ಟು 1280 × 1024, ಅಂದರೆ 5:4. ಆಮೇಲೆ 1440 × 900ರಂಥ 16:10 ಬಂದವು. 2008ರ ಆಚೆಗೆ 1366 × 768, 1920 × 1080, ಅಂದರೆ 16:9. ಈಗ 21:9 ಅಂತ ಕರೆಯುವ ಉದ್ದದ ಹಲಗೆಯಂಥವೂ ಇವೆ, ಲ್ಯಾಪ್‌ಟಾಪುಗಳಲ್ಲಿ 16:10, 3:2 ಮತ್ತೆ ಬಂದಿವೆ. ಪರದೆ ಆಕಾರ ಬದಲಾಯಿಸುತ್ತಾ ಹೋಯಿತು. ಆದರೆ ಒಳಗೆ ತೋರಿಸುವ ಚಿತ್ರಗಳು ತೆಗೆದಾಗ ಯಾವ ಆಕಾರದ್ದೋ ಅದೇ ಆಕಾರದ್ದು. ಎರಡೂ ಹೊಂದದಿದ್ದಾಗ ಯಾರು ಬಗ್ಗಬೇಕು? ಪರದೆಯಲ್ಲಿ ಜಾಗ ಖಾಲಿ ಬಿಡಬೇಕೋ, ಚಿತ್ರವನ್ನು ಹಿಗ್ಗಿಸಬೇಕೋ? ತಯಾರಿಸಿದವರು ಬಹಳ ಕಡೆ ಹಿಗ್ಗಿಸುವುದನ್ನೇ ಮೊದಲ ಆಯ್ಕೆ ಮಾಡಿ ಕಳಿಸಿದರು. ಅಂಗಡಿಯಲ್ಲಿ ಪರದೆ ತುಂಬಿ ಕಂಡರೆ ತಾನೇ ಗಿರಾಕಿ ಕೊಳ್ಳುವುದು.

ಈ ಇಂಚಿನ ವ್ಯಾಪಾರವನ್ನೂ ಸ್ವಲ್ಪ ನೋಡಿ. ಪರದೆಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. 19 ಇಂಚಿನ 4:3 ಪರದೆಯ ವಿಸ್ತಾರ ಸುಮಾರು 173 ಚದರ ಇಂಚು. ಅದೇ 19 ಇಂಚಿನ 16:9 ಪರದೆಯದು ಸುಮಾರು 154. ನೂರಕ್ಕೆ ಹನ್ನೊಂದು ಕಮ್ಮಿ! ಪೆಟ್ಟಿಗೆಯ ಮೇಲೆ ಮಾತ್ರ ಅದೇ 19. ಹೀಗೆ ಕಮ್ಮಿ ಗಾಜು ಕೊಂಡ ನಾವು, "ಪೂರ್ತಿ ಪರದೆಗೆ ದುಡ್ಡು ಕೊಟ್ಟಿದ್ದೇನೆ, ಒಂದಿಂಚೂ ಖಾಲಿ ಬಿಡೋದಿಲ್ಲ" ಅಂತ ಅಪ್ಪ ಅವ್ವನ ಮುಖ ಎಳೆಯುತ್ತಿದ್ದೇವೆ.

ಈಗ ಎದುರು ವಾದಗಳಿಗೆ ಬರುತ್ತೇನೆ. ಮೂವತ್ತು ಮನೆಯಲ್ಲಿ ಕೇಳಿದ್ದೇನೆ, ಎಲ್ಲಾ ಬಾಯಿಪಾಠ.

"ಕಪ್ಪು ಪಟ್ಟಿ ಬಂದರೆ ಚಿತ್ರ ಕತ್ತರಿಸಿದ ಹಾಗೆ ಕಾಣುತ್ತೆ." ಸ್ವಾಮೀ, ಉಲ್ಟಾ. ಕಪ್ಪು ಪಟ್ಟಿ ಬಂದಾಗ ಮಾತ್ರ ಚಿತ್ರ ಪೂರ್ತಿ ಇರುತ್ತದೆ. 1366 × 768ರ ಪರದೆಯಲ್ಲಿ 4:3ರ ಚಿತ್ರ 1024 ಚುಕ್ಕಿ ಅಗಲ ಕೂರುತ್ತದೆ, ಎಡಕ್ಕೆ 171, ಬಲಕ್ಕೆ 171 ಖಾಲಿ. ಚಿತ್ರದ ಒಂದು ಎಳೆಯೂ ಹೋಗಿಲ್ಲ. ಎಳೆದು ಹರಡಿದರೆ ಹೊಸದಾಗಿ ಒಂದು ಎಳೆಯೂ ಬರುವುದಿಲ್ಲ. ಪಡಸಾಲೆ ದೊಡ್ಡದು, ಜಮಖಾನ ಸಣ್ಣದು ಅಂತ ನಾಲ್ಕು ಜನ ಹಿಡಿದು ಜಮಖಾನ ಎಳೆಯುತ್ತೀರಾ?

"ಹಾಗಾದ್ರೆ ಝೂಮ್ ಮಾಡ್ತೀವಿ." ಝೂಮ್ ಮಾಡಿದರೆ ಮುಖ ಕೆಡುವುದಿಲ್ಲ, ಒಪ್ಪಿದೆ. ಆದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ. ನಮ್ಮ ಮದುವೆ ವಿಡಿಯೋದಲ್ಲಿ ಝೂಮ್ ಮಾಡಿ ನೋಡಿದೆ. ಮದುಮಗನ ಬಾಸಿಂಗ ಮಾಯ, ಕಾಲುಂಗುರ ತೊಡಿಸುವಾಗ ಕಾಲೇ ಮಾಯ. ಇನ್ನೊಂದು ಮಾತು. ಎಳೆದ ಚಿತ್ರವನ್ನು ವಾಪಸ್ಸು ಸರಿ ಮಾಡಬಹುದು, ಕತ್ತರಿಸಿ ಉಳಿಸಿಕೊಂಡದ್ದು ಮಾತ್ರ ಹೋದಂತೆಯೇ.

"ಟಿವಿಯಲ್ಲಿ ಪನೋರಮಾ ಅಂತ ಇದೆ, ಅದು ಬುದ್ಧಿವಂತಿಕೆಯಿಂದ ಹಿಗ್ಗಿಸುತ್ತೆ." ಅದು ನಡುವನ್ನು ಬಿಟ್ಟು ಅಂಚುಗಳನ್ನು ಮಾತ್ರ ಎಳೆಯುತ್ತದೆ. ನಡುವೆ ಸರಿಯಾಗಿರುವ ಮನುಷ್ಯ ಬದಿಗೆ ನಡೆದುಕೊಂಡು ಹೋಗುತ್ತಾ ಹೋಗುತ್ತಾ ಉಬ್ಬುತ್ತಾನೆ. ಇದಕ್ಕೆ ಬುದ್ಧಿವಂತಿಕೆ ಅಂತ ಹೆಸರು.

"ಅಭ್ಯಾಸ ಆಗ್ತದ ಬಿಡ್ರಿ." ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಈ ಮಾತಿಗೆ. ಯಾಕೆಂದರೆ ಇದು ನಿಜ. ಅಭ್ಯಾಸ ಆಗುತ್ತದೆ. ನನ್ನ ಮಗ ಆ ಡಿವಿಡಿಯನ್ನು ಮೊದಲು ಎಳೆದ ರೂಪದಲ್ಲಿ ನೋಡಿದ್ದ. ಸರಿ ಮಾಡಿ ತೋರಿಸಿದಾಗ, "ಅಜ್ಜ ಯಾಕ ಸೊರಗ್ಯಾರ?" ಅಂತ ಕೇಳಿದ. ಅಜ್ಜನನ್ನು ಮಡಿಲಲ್ಲಿ ಕೂತು ನೋಡಿದ ನೆನಪು ಅವನಿಗೆ ಮಸುಕು. ಅವನಿಗೆ ಪರದೆಯ ಮೇಲಿದ್ದದ್ದೇ ಅಜ್ಜ. ಊರಲ್ಲೇ ಇದ್ದವರಿಗೆ ಈ ತೊಂದರೆ ಇಲ್ಲ. ಅಜ್ಜನ ಗೋಡೆ, ಅಜ್ಜನ ಕಟ್ಟೆ, ಅಜ್ಜನನ್ನು ಕಂಡ ನಾಲ್ಕು ಜನ ಇರುತ್ತಾರೆ. ಪುಣೆ, ಮುಂಬಯಿ, ಹೈದರಾಬಾದಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಊರು ಅಂದರೆ ವರ್ಷಕ್ಕೆ ಹತ್ತು ದಿನ, ಮಿಕ್ಕಿದ್ದೆಲ್ಲಾ ಫೋಟೋ ಮತ್ತು ವಿಡಿಯೋ. ಆ ಇರುವ ಒಂದು ಸಾಕ್ಷಿಯನ್ನೂ ನಾವೇ ತಿರುಚಿ ಕೊಟ್ಟರೆ ಹೇಗೆ?

"ಪಕ್ಕದ ಪಟ್ಟಿಯಿಂದ ಪರದೆಗೆ ಕಲೆ ಬೀಳುತ್ತೆ." ಇದರಲ್ಲಿ ಸ್ವಲ್ಪ ಸತ್ಯ ಇದೆ, ಮುಚ್ಚಿಡುವುದಿಲ್ಲ. ಪ್ಲಾಸ್ಮಾ ಟಿವಿಗಳಲ್ಲಿ ಗಂಟೆಗಟ್ಟಲೆ ಒಂದೇ ಪಟ್ಟಿ ನಿಂತರೆ ಕಲೆ ಉಳಿಯುತ್ತಿತ್ತು. ಓಎಲ್‌ಇಡಿ ಪರದೆಗಳಲ್ಲೂ ದಿನವಿಡೀ ಒಂದೇ ಆಕೃತಿ ನಿಲ್ಲಿಸುವುದು ಒಳ್ಳೆಯದಲ್ಲ. ಆದರೆ ಸಾದಾ ಎಲ್‌ಸಿಡಿ ಮಾನಿಟರಿನಲ್ಲಿ ಎರಡೂವರೆ ತಾಸಿನ ಹಳೆಯ ಸಿನೆಮಾ ನೋಡಿದರೆ ಏನೂ ಆಗುವುದಿಲ್ಲ.

ಇನ್ನೊಂದು ವಾದ ಹಿರಿಯರದು, ಅದಕ್ಕೆ ನನ್ನಲ್ಲಿ ಗೌರವ ಇದೆ. "ಅಕ್ಷರ ಸಣ್ಣ ಕಾಣಸ್ತಾವಪಾ, ಅದಕ್ಕ ರೆಸಲ್ಯೂಷನ್ ಕಮ್ಮಿ ಮಾಡೀನಿ." ನನ್ನ ಸೋದರಮಾವ ನಿವೃತ್ತಿಯ ನಂತರ ಕಂಪ್ಯೂಟರ್ ಕಲಿತವರು. ಅವರ 1366 × 768ರ ಮಾನಿಟರನ್ನು 1024 × 768ಕ್ಕೆ ಇಟ್ಟಿದ್ದರು. ಕನ್ನಡ ಪತ್ರಿಕೆ ಓದಲು ಕೂತರೆ ಒತ್ತಕ್ಷರವೆಲ್ಲಾ ಕಲಸಿದ ಅವಲಕ್ಕಿ. "ಇಂಗ್ಲಿಷ್ ಓದಲಿಕ್ಕೆ ಬರ್ತದ, ಕನ್ನಡ ಓದಲಿಕ್ಕೆ ಬರೂದಿಲ್ಲ. ಕಂಪ್ಯೂಟರಿಗೆ ಕನ್ನಡ ಒಗ್ಗೂದಿಲ್ಲ ನೋಡು" ಅಂತ ತೀರ್ಪು ಕೊಟ್ಟುಬಿಟ್ಟಿದ್ದರು.

ಕನ್ನಡದ ತಪ್ಪೇನೂ ಇರಲಿಲ್ಲ. 1024 ಚುಕ್ಕಿಯ ಚಿತ್ರವನ್ನು 1366 ಚುಕ್ಕಿಗಳಿಗೆ ಹಂಚಬೇಕೆಂದರೆ ಮೂರು ಚುಕ್ಕಿಯದನ್ನು ನಾಲ್ಕಕ್ಕೆ ಕಲಸಬೇಕು. ಅಂಚುಗಳೆಲ್ಲಾ ಮಸುಕು. ಇಂಗ್ಲಿಷಿನ ಅಕ್ಷರ ನೆಟ್ಟಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ತಡೆದುಕೊಳ್ಳುತ್ತವೆ. ನಮ್ಮದು ಸುರುಳಿ, ಕೊಂಬು, ಕೆಳಗೊಂದು ಒತ್ತು. ಷ್ಟ್ರ, ಕ್ಷ್ಮ ಇವೆಲ್ಲಾ ನಾಲ್ಕೈದು ಚುಕ್ಕಿಯ ಜಾಗದಲ್ಲಿ ಬದುಕಬೇಕು. ಮೊದಲು ಸಾಯುವುದು ಅವೇ. ನಾನು ಮಾವನ ಮಾನಿಟರನ್ನು ಅದರ ಸ್ವಂತ 1366 × 768ಕ್ಕೆ ತಂದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು 125 ಪರ್ಸೆಂಟ್ ಮಾಡಿದೆ. ಅಕ್ಷರ ದೊಡ್ಡದೂ ಆಯಿತು, ಚೂಪೂ ಆಯಿತು, ದುಂಡಗಿನ ಠ ದುಂಡಗೇ ಬಂತು. ಮಾವ ಒಂದು ನಿಮಿಷ ಕನ್ನಡಕ ಒರೆಸಿ, "ಇಷ್ಟ ದಿನಾ ನಾ ಕನ್ನಡಕ್ಕ ಬೈದೆನಲ್ಲೋ" ಅಂದರು. ಎಷ್ಟು ಜನ ಹೀಗೆ ಕನ್ನಡಕ್ಕೆ ಬೈದು ಇಂಗ್ಲಿಷಿಗೆ ಹೋದರೋ, ಯಾರು ಲೆಕ್ಕ ಇಟ್ಟಿದ್ದಾರೆ?

ಹಾಗಾದರೆ ಸರಿ ಮಾಡುವುದು ಹೇಗೆ? ಜಗಳ ತೆಗೆದವನು ದಾರಿಯನ್ನೂ ಹೇಳಬೇಕು.

ಮೊದಲು ಪರೀಕ್ಷೆ. ಕಂಪ್ಯೂಟರಿನಲ್ಲಿ ಪೇಂಟ್ ತೆರೆದು, ಶಿಫ್ಟ್ ಒತ್ತಿ ಹಿಡಿದು ಒಂದು ವೃತ್ತ ಎಳೆಯಿರಿ. ಅದರ ಮೇಲೆ ಒಂದು ಬಳೆ ಇಟ್ಟು ನೋಡಿ. ಬಳೆಗೆ ಹೊಂದಿದರೆ ನಿಮ್ಮ ಪರದೆ ಸರಿ ಇದೆ. ಅಡ್ಡಕ್ಕೆ ಉಬ್ಬಿದ್ದರೆ ಪರದೆಯೇ ಎಲ್ಲವನ್ನೂ ಎಳೆಯುತ್ತಿದೆ. ಆಗ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ "ರೆಕಮೆಂಡೆಡ್" ಅಂತ ಬರೆದಿರುವ ರೆಸಲ್ಯೂಷನ್ ಆರಿಸಿ. ಅದು ಪಟ್ಟಿಯಲ್ಲೇ ಇಲ್ಲವೆಂದರೆ ಗ್ರಾಫಿಕ್ಸ್ ಡ್ರೈವರ್ ಹಾಕಿರುವುದಿಲ್ಲ, ಇಲ್ಲವೇ ಕೇಬಲ್ ಕೆಟ್ಟಿರುತ್ತದೆ. ಮಾನಿಟರ್ ತನ್ನ ಅಳತೆಯನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಆ ಮಾತು ತಲುಪದಿದ್ದರೆ ಕಂಪ್ಯೂಟರ್ ತನಗೆ ಗೊತ್ತಿರುವ ಹಳೆಯ 1024 × 768ರಂಥದ್ದಕ್ಕೇ ಜೋತುಬೀಳುತ್ತದೆ.

ಹಳೆಯ ಆಟ, ಹಳೆಯ ಸಾಫ್ಟ್‌ವೇರ್ 4:3ರಲ್ಲೇ ಓಡುತ್ತವೆ ಅಂತಿಟ್ಟುಕೊಳ್ಳಿ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರರ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಸ್ಕೇಲಿಂಗ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ "ಫುಲ್ ಸ್ಕ್ರೀನ್", "ಫುಲ್ ಪ್ಯಾನೆಲ್" ಅನ್ನುವುದನ್ನು ತೆಗೆದು ಆಸ್ಪೆಕ್ಟ್ ರೇಷಿಯೋ ಉಳಿಸು ಅನ್ನುವ ಅರ್ಥದ ಆಯ್ಕೆ ಹಾಕಿ. ಕೆಲವು ಮಾನಿಟರ್‌ಗಳ ಬಟನ್ ಮೆನುವಿನಲ್ಲೂ ವೈಡ್, 4:3, ಒರಿಜಿನಲ್ ಅಂತ ಇರುತ್ತದೆ. ಡೆಸ್ಕ್‌ಟಾಪಿನ ಚಿತ್ರಕ್ಕೆ ಎಕ್ಸ್‌ಪಿಯಲ್ಲಿ ಸೆಂಟರ್, ಟೈಲ್, ಸ್ಟ್ರೆಚ್ ಅಂತ ಮೂರೇ ಗತಿ ಇತ್ತು. 2009ರ ವಿಂಡೋಸ್ 7ರಿಂದ ಫಿಟ್, ಫಿಲ್ ಇವೆ. ಸ್ಟ್ರೆಚ್ ಅನ್ನುವ ಪದ ಕಂಡರೆ ಅದರಿಂದ ದೂರ ಇರಿ.

ವಿಡಿಯೋ ಕೆಟ್ಟಿದ್ದರೆ ವಿಎಲ್‌ಸಿಯಲ್ಲಿ ಎ ಕೀಲಿಯನ್ನು 4:3 ಬರುವವರೆಗೆ ಒತ್ತಿ. ಯಾರೋ ಎಳೆದು 1280 × 720ಕ್ಕೆ ಮಾಡಿಟ್ಟ ಫೈಲಾದರೆ 960 × 720ಕ್ಕೆ ವಾಪಸ್ಸು ಮಾಡಿಸಿ, ಮುಖ ಮರಳಿ ಬರುತ್ತದೆ. ಫೋಟೋ ದೊಡ್ಡದು ಚಿಕ್ಕದು ಮಾಡುವಾಗ ಬದಿ ಹಿಡಿದು ಎಳೆಯಬೇಡಿ, ಮೂಲೆ ಹಿಡಿದು ಎಳೆಯಿರಿ.

ಫೋಟೋ ಅಂದಕೂಡಲೇ ನೆನಪಾಯಿತು. ನಮ್ಮ ಪರಿಚಯದ ಹುಡುಗಿಯೊಬ್ಬಳು ಪರೀಕ್ಷೆಯ ಅರ್ಜಿ ತುಂಬಲು ಸೈಬರ್ ಕೆಫೆಗೆ ಹೋದಳು. ಅರ್ಜಿಯಲ್ಲಿ ಫೋಟೋ 200 × 230 ಚುಕ್ಕಿ ಇರಬೇಕಂತೆ. ಕೆಫೆಯವನು 3.5 × 4.5 ಸೆಂಟಿಮೀಟರಿನ ಪಾಸ್‌ಪೋರ್ಟ್ ಫೋಟೋವನ್ನು ಸೀದಾ ಆ ಅಳತೆಗೆ ಕೂರಿಸಿದ. ಮುಖ ನೂರಕ್ಕೆ ಹನ್ನೆರಡರಷ್ಟು ಅಗಲ. ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತವರು ಪ್ರವೇಶ ಪತ್ರ ನೋಡಿ, ಅವಳನ್ನು ನೋಡಿ, ಮತ್ತೆ ಪತ್ರ ನೋಡಿ, ಇನ್ನೊಂದು ಗುರುತಿನ ಚೀಟಿ ಕೇಳಿದರು. ಅದೃಷ್ಟಕ್ಕೆ ಅವಳ ಹತ್ತಿರ ಇತ್ತು. ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಆಮೇಲೆ ಅಳತೆಗೆ ತಂದಿದ್ದರೆ ಈ ಉಸಾಬರಿಯೇ ಇರುತ್ತಿರಲಿಲ್ಲ. ಇದೂ "ಸಣ್ಣ ವಿಷಯ"ವೇ?

ಆಗಸ್ಟ್ ಹದಿನೈದಕ್ಕೆ ಎಷ್ಟೋ ಕಚೇರಿಗಳ ಪರದೆಯ ಮೇಲೆ ಧ್ವಜ ಹಾಕಿರುತ್ತಾರಲ್ಲ, ಅದನ್ನೂ ನೋಡಿ. ನಮ್ಮ ಧ್ವಜದ ಅಳತೆ 3:2 ಅಂತ ಧ್ವಜ ಸಂಹಿತೆಯಲ್ಲೇ ಇದೆ. ಎಳೆದ ಪರದೆಯಲ್ಲಿ ಅಶೋಕ ಚಕ್ರ ಮೊಟ್ಟೆಯಾಗಿರುತ್ತದೆ. ಇಪ್ಪತ್ತನಾಲ್ಕು ಅರೆಗಳು ಆ ಮೊಟ್ಟೆಯೊಳಗೆ ಒದ್ದಾಡುತ್ತಿರುತ್ತವೆ. ಅದರ ಮುಂದೆ ನಿಂತು ಸೆಲ್ಯೂಟ್ ಹೊಡೆಯುತ್ತೇವೆ.

ಕೊನೆಯದಾಗಿ ನಮ್ಮವರ ಮೇಲೆಯೇ ನನ್ನ ದೂರು. ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ರಾಜ್ಯೋತ್ಸವ ಕಾರ್ಯಕ್ರಮದಲ್ಲಿ 'ಬೇಡರ ಕಣ್ಣಪ್ಪ' ತೋರಿಸಿದರು. ಪ್ರೊಜೆಕ್ಟರಿನಲ್ಲಿ ಎಳೆದು ಹರಡಿದ್ದರು. ಅಣ್ಣಾವ್ರು ಗಿಡ್ಡ, ಪಂಢರಿಬಾಯಿಯವರು ದಪ್ಪ. ಎಲ್ಲಕ್ಕಿಂತ ಅನ್ಯಾಯ ನರಸಿಂಹರಾಜು ಅವರಿಗೆ. ಆ ಮನುಷ್ಯನ ಹಂಚಿಕಡ್ಡಿ ದೇಹವೇ ಅವರ ಹಾಸ್ಯದ ಅರ್ಧ ಬಂಡವಾಳ. ಅದನ್ನೇ ಕಸಿದುಕೊಂಡರೆ ಏನು ಉಳಿಯಿತು? ನಾನು ಎದ್ದು ಹೇಳಿದೆ. "ಕೂತ್ಕೊಳ್ರೀ, ಕನ್ನಡ ಸಿನೆಮಾ ತೋರಿಸ್ತಿರೋದೇ ದೊಡ್ಡದು" ಅಂತ ಹಿಂದಿನಿಂದ ಒಬ್ಬರು ಅಂದರು.

ಅದೇ ನೋಡಿ ನಮ್ಮ ರೋಗ. ಹೊರನಾಡಿನಲ್ಲಿ ಇದ್ದೇವೆ, ಸಿಕ್ಕಿದ್ದೇ ದೊಡ್ಡದು, ಹೇಗಿದ್ದರೂ ಅಡ್ಜಸ್ಟ್ ಮಾಡಿಕೊಳ್ಳೋಣ. ಹೆಸರನ್ನು ಇಲ್ಲಿಯವರು ತಪ್ಪಾಗಿ ಕರೆದರೂ ಸರಿ, ಮಾತು ಕಲಬೆರಕೆಯಾದರೂ ಸರಿ, ಮುಖ ಊದಿಕೊಂಡರೂ ಸರಿ. ನಾನು ಕೇಳಿದ್ದು ಹೊಸ ಪ್ರೊಜೆಕ್ಟರ್ ಅಲ್ಲ, ಸಭಾಭವನ ಅಲ್ಲ, ಅನುದಾನ ಅಲ್ಲ. ಒಂದು ಬಟನ್. ಬಿಟ್ಟಿ ಸಿಗುವ ಮರ್ಯಾದೆಯನ್ನೂ ನಮ್ಮವರಿಗೆ ನಾವು ಕೊಡದಿದ್ದರೆ, ದುಡ್ಡು ಕೊಟ್ಟು ಮಾಡಬೇಕಾದದ್ದನ್ನು ಯಾರು ಮಾಡುತ್ತಾರೆ?

ಅವ್ವನ ಕಥೆ ಅರ್ಧಕ್ಕೆ ಬಿಟ್ಟೆ. ಅಂಗಡಿಯಿಂದ ವಾಪಸ್ಸು ಬಂದು ಆ ಡಿವಿಡಿಯನ್ನು ಬಿಚ್ಚಿ ನೋಡಿದೆ. ಚಿತ್ರಕ್ಕೆ ಏನೂ ಆಗಿರಲಿಲ್ಲ. ಡಿವಿಡಿಯಲ್ಲಿ 4:3 ಇರಲಿ, 16:9 ಇರಲಿ, ನಮ್ಮ ದೇಶದ ಪದ್ಧತಿಯಲ್ಲಿ ಒಳಗೆ ಇರುವುದು ಅದೇ 720 × 576 ಚುಕ್ಕಿ. ಇದನ್ನು ಯಾವ ಆಕಾರದಲ್ಲಿ ತೋರಿಸಬೇಕು ಅಂತ ಹೇಳುವ ಒಂದು ಚೀಟಿ ಮಾತ್ರ ಜೊತೆಗಿರುತ್ತದೆ. ಅಂಗಡಿಯವನು ಆ ಚೀಟಿಯಲ್ಲಿ 16:9 ಅಂತ ಬರೆದಿದ್ದ, ಅಷ್ಟೇ. ಒಳಗೆ ಅಪ್ಪ ಇದ್ದ ಹಾಗೇ ಇದ್ದರು.

ವಿಎಲ್‌ಸಿಯಲ್ಲಿ 4:3 ಮಾಡಿ ಅವ್ವನನ್ನು ಕರೆದೆ. "ಮತ್ತ ಯಾಕಪಾ" ಅಂದಳು. ಆದರೂ ಬಂದು ಕೂತಳು. ಎರಡೂ ಬದಿ ಕಪ್ಪು, ನಡುವೆ ಮದುವೆಯ ಹಂದರ. ಪಂಕ್ತಿಯ ಕೊನೆಯಿಂದ ಅಪ್ಪ ಸಾರಿನ ಬಕೆಟ್ಟು ಹಿಡಿದು, ಒಂದು ಭುಜ ಮೇಲೆ ಮಾಡಿ, ಉಸಿರು ಕಟ್ಟಿದವರ ಹಾಗೆ ಬಿರಬಿರನೆ ಬಂದರು.

ಅವ್ವ ಸೆರಗು ಸರಿಮಾಡಿಕೊಂಡಳು. "ಹಾಂ, ಈಗ ಬಂದ್ರು ನೋಡು."

ಕಪ್ಪು ಪಟ್ಟಿಯ ಬಗ್ಗೆ ಏನೂ ಕೇಳಲಿಲ್ಲ.

ಇವತ್ತು ರಾತ್ರಿ ನಿಮ್ಮ ಮನೆಯ ಪರದೆಯ ಮೇಲೂ ಒಂದು ಬಳೆ ಇಟ್ಟು ನೋಡಿ.